ಮುಚ್ಚಿಟ್ಟ ಲ್ಯಾಪ್‌ಟಾಪ್ ಮಲಗುತ್ತಿಲ್ಲವೇ? ಸೆಟ್ಟಿಂಗ್ ಮುಟ್ಟುವ ಮೊದಲು ಅದನ್ನೇ ಕೇಳಿ

ರಾತ್ರಿ ಲಿಡ್ ಮುಚ್ಚುವಾಗ ಬ್ಯಾಟರಿ ಶೇ. 80 ಇತ್ತು, ಬೆಳಿಗ್ಗೆ ತೆರೆದರೆ ಶೇ. 35. ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಬ್ಯಾಗಿನೊಳಗೆ ಫ್ಯಾನ್ ಭರ್ರೆಂದು ತಿರುಗುತ್ತಿರುತ್ತದೆ, ಲ್ಯಾಪ್‌ಟಾಪ್ ಕಾದು ಹೋಗಿರುತ್ತದೆ. ಇನ್ನು ಕೆಲವರದು ಬೇರೆಯೇ ದೂರು. ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದರೆ ಅದು ಮಲಗುವುದೇ ಇಲ್ಲ. ಮಲಗಿದರೂ ನಡುರಾತ್ರಿ ತಾನಾಗಿ ಎದ್ದು ಕೋಣೆಗೆಲ್ಲ ಬೆಳಕು ಚೆಲ್ಲುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಪರದೆ ಕಪ್ಪಗೇ ಉಳಿಯುತ್ತದೆ.

ಇಂಥದಕ್ಕೆಲ್ಲ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ಬದಲಿಸಿ, ಇದನ್ನು ಬದಲಿಸಿ, ರೀಸ್ಟಾರ್ಟ್ ಮಾಡಿ ನೋಡಿ. ಹಾಗೆ ಮಾಡಿದಾಗ ಒಮ್ಮೊಮ್ಮೆ ಸರಿಯೂ ಹೋಗುತ್ತದೆ. ಆದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಿರುವುದಿಲ್ಲ, ಮುಂದಿನ ಅಪ್‌ಡೇಟ್ ಬಂದು ಕೆಟ್ಟಾಗ ಮತ್ತೆ ಮೊದಲಿನಿಂದ ಶುರು. ಯಾವಾಗ ಮಲಗಿದೆ, ಯಾರು ಎಬ್ಬಿಸಿದರು, ಯಾರು ಮಲಗಲು ಬಿಡುತ್ತಿಲ್ಲ ಎಂಬ ಲೆಕ್ಕವನ್ನೆಲ್ಲ ವಿಂಡೋಸ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಲೆಕ್ಕವನ್ನು ಮೊದಲು ಓದಿದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಹೇಳಿರುವುದು ಹೆಚ್ಚಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೂ ಕೊನೆಯಲ್ಲಿ ಒಂದೆರಡು ಮಾತಿದೆ.

ಶುರು ಮಾಡುವ ಮುನ್ನ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ (ಅಡ್ಮಿನ್) ಆರಿಸಿ. ವಿಂಡೋಸ್ 10 ಇದ್ದರೆ ಸರ್ಚ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡಿ. ನಮಗೆ ಬೇಕಾದ ಆದೇಶ ಮುಖ್ಯವಾಗಿ ಒಂದೇ, ಪವರ್‌ಸಿಎಫ್‌ಜಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು: ಪವರ್ ಎಂಬ ಪದ, ಅದಕ್ಕೆ ಅಂಟಿಕೊಂಡಂತೆ ಸಿ, ಎಫ್, ಜಿ ಅಕ್ಷರಗಳು. ಅದರ ಮುಂದೆ ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಕೇಳಬೇಕಾದ ಪ್ರಶ್ನೆ. ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ.

ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಅಡ್ಮಿನ್ ಅನುಮತಿ ಇರುವುದಿಲ್ಲ, ಎಷ್ಟೋ ಸೆಟ್ಟಿಂಗ್‌ಗಳು ಬೂದು ಬಣ್ಣಕ್ಕೆ ತಿರುಗಿ ಬೀಗ ಬಿದ್ದಿರುತ್ತವೆ. ಅದರ ಜತೆ ಗುದ್ದಾಡಬೇಡಿ. ಐಟಿ ತಂಡಕ್ಕೆ ಟಿಕೆಟ್ ಹಾಕಿ, ಕೆಳಗಿನ ವರದಿಗಳನ್ನು ತೆಗೆಸಿ ಎಂದು ಅದರಲ್ಲೇ ಬರೆಯಿರಿ.

ನಿಮ್ಮ ಲ್ಯಾಪ್‌ಟಾಪ್‌ನದು ಯಾವ ನಿದ್ದೆ?

ಮೊದಲು ಇದನ್ನು ಟೈಪ್ ಮಾಡಿ ಎಂಟರ್ ಒತ್ತಿ:

ಪವರ್‌ಸಿಎಫ್‌ಜಿ /ಎ

ಬರುವ ಉತ್ತರದಲ್ಲಿ ಎರಡು ಭಾಗ. ಮೇಲಿನದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವ ಸ್ಲೀಪ್ ಸ್ಥಿತಿಗಳು. ಕೆಳಗಿನದು ಇಲ್ಲದವು, ಪ್ರತಿಯೊಂದರ ಕೆಳಗೂ ಯಾಕಿಲ್ಲ ಎಂಬ ಕಾರಣ. ಮೇಲಿನ ಭಾಗದಲ್ಲಿ ಸ್ಟ್ಯಾಂಡ್‌ಬೈ (ಎಸ್3) ಎಂದಿದ್ದರೆ ನಿಮ್ಮದು ಹಳೆಯ ಬಗೆಯ ಸ್ಲೀಪ್. ಸ್ಟ್ಯಾಂಡ್‌ಬೈ (ಎಸ್0 ಲೋ ಪವರ್ ಐಡಲ್) ಎಂದಿದ್ದರೆ ಹೊಸ ಬಗೆಯದು, ಮೈಕ್ರೋಸಾಫ್ಟ್ ಇದನ್ನು ಮಾಡರ್ನ್ ಸ್ಟ್ಯಾಂಡ್‌ಬೈ ಎನ್ನುತ್ತದೆ.

ಈ ವ್ಯತ್ಯಾಸ ತಿಳಿಯದೆ ಮುಂದೆ ಹೋದರೆ ಉಪಯೋಗವಿಲ್ಲ. ಎಸ್3, ಎಸ್4 ಎಂಬ ಈ ಹೆಸರುಗಳು 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ತಂದ ಎಸಿಪಿಐ ಎಂಬ ಮಾನದಂಡದಿಂದ ಬಂದವು. ಎಸ್3ಯಲ್ಲಿ ಪ್ರೊಸೆಸರ್ ಸೇರಿ ಹೆಚ್ಚುಕಡಿಮೆ ಎಲ್ಲದಕ್ಕೂ ವಿದ್ಯುತ್ ನಿಲ್ಲುತ್ತದೆ, ರ‍್ಯಾಮ್‌ಗೆ ಮಾತ್ರ ಹರಿಯುತ್ತಿರುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ ಹಾಗಲ್ಲ. 2012ರಲ್ಲಿ ವಿಂಡೋಸ್ 8 ಜತೆ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಎಂಬ ಹೆಸರಲ್ಲಿ ಶುರುವಾಗಿ, ವಿಂಡೋಸ್ 10ರಲ್ಲಿ ಈಗಿನ ಹೆಸರು ಪಡೆದ ಈ ವ್ಯವಸ್ಥೆಯಲ್ಲಿ ಪರದೆ ಆರುತ್ತದೆ, ಲ್ಯಾಪ್‌ಟಾಪ್ ಆರುವುದಿಲ್ಲ. ಮೊಬೈಲಿನಂತೆ ಮೇಲ್ ತರಿಸಿಕೊಳ್ಳಲಿ, ಲಿಡ್ ತೆಗೆದ ತಕ್ಷಣ ತಯಾರಿರಲಿ ಎಂಬುದು ಉದ್ದೇಶ. ಅಪ್ಪಟ ಕೋಳಿನಿದ್ದೆ: ಸಣ್ಣ ಸದ್ದಿಗೂ ಕಣ್ಣು ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ಎಲ್ಲ ಡ್ರೈವರ್‌ಗಳೂ (ವೈಫೈ, ಆಡಿಯೋದಂಥ ಭಾಗಗಳನ್ನು ವಿಂಡೋಸ್ ಜತೆ ಮಾತಾಡಿಸುವ ಪ್ರೋಗ್ರಾಂಗಳು) ಶಿಸ್ತಾಗಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಒಂದು ವೈಫೈ ಡ್ರೈವರ್ ಹಟ ಹಿಡಿದರೆ ಸಾಕು, ಬ್ಯಾಗಿನಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ಈಚಿನ ವರ್ಷಗಳ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇದೇ, ಎಸ್3 ಇಲ್ಲವೇ ಇಲ್ಲ.

ಆದ್ದರಿಂದ "ನನ್ನ ಹಳೇ ಲ್ಯಾಪ್‌ಟಾಪ್ ಎರಡು ದಿನ ಸ್ಲೀಪ್‌ನಲ್ಲಿ ಇರುತ್ತಿತ್ತು, ಹೊಸದು ಒಂದು ರಾತ್ರಿಯೂ ತಡೆಯಲ್ಲ" ಎನ್ನುವವರು ಬ್ಯಾಟರಿಯನ್ನು ಬೈಯುವ ಮೊದಲು ಈ ಸಾಲನ್ನು ನೋಡಬೇಕು.

ಬ್ಯಾಗಿನಲ್ಲಿ ಬಿಸಿ, ಬೆಳಿಗ್ಗೆಗೆ ಬ್ಯಾಟರಿ ಖಾಲಿ

ಮಾಡರ್ನ್ ಸ್ಟ್ಯಾಂಡ್‌ಬೈ ಇರುವವರು ಒಂದು ರಾತ್ರಿ ಎಂದಿನಂತೆ ಲಿಡ್ ಮುಚ್ಚಿಟ್ಟು, ಬೆಳಿಗ್ಗೆ ಇದನ್ನು ಕೊಡಿ:

ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ

(ಸ್ಲೀಪ್ ಮತ್ತು ಸ್ಟಡಿ ಎರಡೂ ಒಂದಕ್ಕೊಂದು ಅಂಟಿರಬೇಕು.) ಒಂದು ವರದಿ ತಯಾರಾಗಿ, ಯಾವ ಫೋಲ್ಡರಿನಲ್ಲಿದೆ ಎಂದು ಪರದೆಯಲ್ಲೇ ತೋರಿಸುತ್ತದೆ. ಆ ಫೈಲನ್ನು ಬ್ರೌಸರಿನಲ್ಲಿ ತೆರೆಯಿರಿ. ಏನೂ ಹೇಳದಿದ್ದರೆ ಕಳೆದ 3 ದಿನಗಳ ಲೆಕ್ಕ ಇರುತ್ತದೆ.

ವರದಿ ನೋಡಿದರೆ ಮೊದಲು ಗಾಬರಿಯಾಗುತ್ತದೆ, ಅಷ್ಟೊಂದು ಕೋಷ್ಟಕಗಳು. ನಮಗೆ ಬೇಕಾದ್ದು ಸ್ವಲ್ಪವೇ. ಒಂದೊಂದು ಬಾರಿ ಮಲಗಿದ್ದಕ್ಕೂ ಒಂದೊಂದು ಸಾಲು ಇರುತ್ತದೆ: ಶುರುವಾದ ಹೊತ್ತು, ಎಷ್ಟು ಹೊತ್ತು, ಎಷ್ಟು ಬ್ಯಾಟರಿ ಹೋಯಿತು. ರಾತ್ರಿಯ ಉದ್ದನೆಯ ಸಾಲು ಹುಡುಕಿ. ಅದರ ಕೊನೆಯ ಅಂಕಣದಲ್ಲಿ ಎಚ್‌ಡಬ್ಲ್ಯು (ಹಾರ್ಡ್‌ವೇರ್) ಮತ್ತು ಎಸ್‌ಡಬ್ಲ್ಯು (ಸಾಫ್ಟ್‌ವೇರ್) ಎಂಬ ಎರಡು ಶೇಕಡಾವಾರು ಅಂಕಿ ಕಾಣುತ್ತವೆ. ಮುಚ್ಚಿಟ್ಟ ಹೊತ್ತಿನಲ್ಲಿ ಎಷ್ಟು ಭಾಗ ನಿಜವಾಗಿ ಆಳವಾದ ನಿದ್ದೆಯಲ್ಲಿತ್ತು ಎಂಬುದನ್ನು ಇವು ಹೇಳುತ್ತವೆ. ಎರಡೂ 90ರ ಮೇಲಿದ್ದರೆ ನಿದ್ದೆ ಚೆನ್ನಾಗಿದೆ, ತೊಂದರೆ ಬೇರೆಲ್ಲೋ ಇದೆ. ಎಸ್‌ಡಬ್ಲ್ಯು ಅಂಕಿಯೇ ಕಡಿಮೆ ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ವಿಂಡೋಸ್‌ನ ಸರ್ವಿಸ್ ಎಚ್ಚರವಿರಿಸಿದೆ. ಎಸ್‌ಡಬ್ಲ್ಯು ಚೆನ್ನಾಗಿದ್ದು ಎಚ್‌ಡಬ್ಲ್ಯು 0 ಅಥವಾ ಅದರ ಆಸುಪಾಸು ಇದ್ದರೆ ಡ್ರೈವರ್, ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಅಥವಾ ಚುಚ್ಚಿಟ್ಟ ಸಾಧನ ಅಡ್ಡ ನಿಂತಿದೆ.

ಆ ಸಾಲನ್ನು ಕ್ಲಿಕ್ ಮಾಡಿ ಕೆಳಗೆ ಇಳಿದರೆ ಟಾಪ್ ಅಫೆಂಡರ್ಸ್ ಎಂಬ ಪಟ್ಟಿ ಸಿಗುತ್ತದೆ. ಇಲ್ಲಿ ಹೆಸರು ಹಿಡಿದೇ ಬರೆದಿರುತ್ತದೆ: ವೈಫೈ ಅಡಾಪ್ಟರ್ ಶೇ. 60ರಷ್ಟು ಹೊತ್ತು ಎಚ್ಚರ, ಆಡಿಯೋ ಶೇ. 98, ಯುಎಸ್‌ಬಿ ಕಂಟ್ರೋಲರ್ ಇಷ್ಟು, ಹೀಗೆ. ಮೇಲಿನ ಒಂದೆರಡು ಹೆಸರುಗಳೇ ನಿಮ್ಮ ಆರೋಪಿಗಳು. ಇನ್ನು ಮುಂದಿನದು ಸರಳ:

1. ಆರೋಪಿ ವೈಫೈ, ಬ್ಲೂಟೂತ್, ಆಡಿಯೋ ಅಥವಾ ಗ್ರಾಫಿಕ್ಸ್ ಆಗಿದ್ದರೆ ಆ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡು ಹಾಕಿ. ನಿಮ್ಮ ಮಾಡೆಲ್ ನಂಬರ್ ಕೊಟ್ಟು ಹುಡುಕಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಎನ್ನುವ ಪ್ರೋಗ್ರಾಂಗಳ ಹತ್ತಿರ ಸುಳಿಯಬೇಡಿ.

2. ಅಲ್ಲೇ ಬಯೋಸ್ ಅಪ್‌ಡೇಟ್ ಇದೆಯೇ ನೋಡಿ. ನಿದ್ದೆಯ ತೊಂದರೆಗಳಲ್ಲಿ ದೊಡ್ಡ ಪಾಲು ಬಯೋಸ್‌ನಲ್ಲೇ ಸರಿಯಾಗುವಂಥವು. ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ಸಾಕಷ್ಟಿರಲಿ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಮದರ್‌ಬೋರ್ಡಿಗೇ ಕುತ್ತು.

3. ಯುಎಸ್‌ಬಿ ಎಂದು ತೋರಿಸಿದರೆ ಒಂದು ರಾತ್ರಿ ಪೆನ್‌ಡ್ರೈವ್, ಡಾಂಗಲ್, ಹಬ್ ಎಲ್ಲ ಕಿತ್ತು ಮಲಗಿಸಿ. ಅಂತರ ಬಂದರೆ ಒಂದೊಂದಾಗಿ ಮರಳಿ ಹಾಕಿ ನೋಡಿ.

4. ನೆಟ್‌ವರ್ಕ್ ಮೇಲೆ ಅನುಮಾನವಿದ್ದರೆ ಒಂದು ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಮುಚ್ಚಿ. ಬ್ಯಾಟರಿ ಇಳಿಯುವುದು ನಿಂತರೆ ಗುಟ್ಟು ಸಿಕ್ಕಿತು. ಚಾರ್ಜರ್ ಕಿತ್ತ ಮೇಲೆ ಲಿಡ್ ಮುಚ್ಚುವುದಕ್ಕೂ, ಮುಚ್ಚಿದ ಮೇಲೆ ಚಾರ್ಜರ್ ಕೀಳುವುದಕ್ಕೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವ್ಯತ್ಯಾಸ ಕಾಣುತ್ತದೆ; ಮೊದಲ ಕ್ರಮವನ್ನೇ ರೂಢಿ ಮಾಡಿಕೊಳ್ಳಿ.

ಒಂದು ಬಾರಿಗೆ ಒಂದೇ ಬದಲಾವಣೆ, ಮರುದಿನ ಮತ್ತೆ ವರದಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಬ್ಯಾಗಿಗೆ ಹಾಕುವವರಿಗೆ ಹೈಬರ್ನೇಟ್

ನೇರವಾಗಿ ಹೇಳಿಬಿಡುತ್ತೇನೆ: ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ಬಸ್ ಹತ್ತುವವರು ಸ್ಲೀಪ್ ಅನ್ನು ನಂಬಿಕೊಳ್ಳುವ ಅಗತ್ಯವೇ ಇಲ್ಲ. ಅವರಿಗೆ ಬೇಕಾದ್ದು ಹೈಬರ್ನೇಟ್, ಅಂದರೆ ಎಸ್4. ರ‍್ಯಾಮ್‌ನಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆದು ಲ್ಯಾಪ್‌ಟಾಪ್ ಪೂರ್ತಿ ಆರಿಬಿಡುತ್ತದೆ. ತೆರೆದಿಟ್ಟ ಫೈಲು, ಬ್ರೌಸರ್ ಟ್ಯಾಬು ಎಲ್ಲ ಹಾಗೇ ಮರಳಿ ಸಿಗುತ್ತವೆ. ಏಳಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ವಿಂಡೋಸ್ ಇದನ್ನು ಪವರ್ ಮೆನುವಿನಲ್ಲಿ ತೋರಿಸುವುದೇ ಇಲ್ಲ, ಹುಡುಕಿ ಹೊರಗೆ ತರಬೇಕು. ಮೊದಲು ಟರ್ಮಿನಲ್‌ನಲ್ಲಿ:

ಪವರ್‌ಸಿಎಫ್‌ಜಿ /ಎಚ್ ಆನ್

ಆಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಗಡೆ "ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್". ಅಲ್ಲಿ ಮೇಲ್ಗಡೆ "ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್" ಎಂಬ ನೀಲಿ ಸಾಲನ್ನು ಒತ್ತಿದರೆ ಮಾತ್ರ ಕೆಳಗಿನ ಟಿಕ್ ಗುರುತುಗಳು ಜೀವಂತವಾಗುತ್ತವೆ. ಹೈಬರ್ನೇಟ್‌ಗೆ ಟಿಕ್ ಹಾಕಿ. ಲಿಡ್ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ, ಬ್ಯಾಟರಿಯಲ್ಲಿದ್ದಾಗ ಹೈಬರ್ನೇಟ್, ಚಾರ್ಜರ್ ಇದ್ದಾಗ ಸ್ಲೀಪ್ ಎಂದು ಆರಿಸಿ ಸೇವ್ ಮಾಡಿ.

ಮುಚ್ಚಿದ ತಕ್ಷಣ ಬೇಡ, ಸ್ವಲ್ಪ ಹೊತ್ತು ಸ್ಲೀಪ್‌ನಲ್ಲಿದ್ದು ಆಮೇಲೆ ಹೈಬರ್ನೇಟ್ ಆಗಲಿ ಎನ್ನುವವರಿಗೆ ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಪವರ್ ಅಂಡ್ ಬ್ಯಾಟರಿಯೊಳಗೆ ಪರದೆ, ಸ್ಲೀಪ್, ಹೈಬರ್ನೇಟ್ ಮೂರಕ್ಕೂ ಸಮಯ ಕೊಡುವ ಜಾಗವಿದೆ. ಬ್ಯಾಟರಿಯಲ್ಲಿದ್ದಾಗ 30 ನಿಮಿಷ ಇಟ್ಟುಕೊಂಡರೆ ಚಹಾ ಕುಡಿದು ಬಂದಾಗ ಕಾಯಬೇಕಿಲ್ಲ, ಬಸ್ಸಿನಲ್ಲಿ ಬ್ಯಾಟರಿ ಸೋರುವುದೂ ಇಲ್ಲ. ಆದರೆ ಆ 30 ನಿಮಿಷ ಬ್ಯಾಗಿನಲ್ಲಿ ಬಿಸಿಯಾಗುವ ಸಾಧ್ಯತೆ ಉಳಿದೇ ಇರುತ್ತದೆ.

ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಲೆಕ್ಕ ಹಾಕೋಣ. ಅದಕ್ಕಾಗಿ ವಿಂಡೋಸ್ ಮೀಸಲಿಡುವ ಫೈಲಿನ ಗಾತ್ರ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40, ಅಂದರೆ 16 ಜಿಬಿ ರ‍್ಯಾಮ್‌ಗೆ 6.4 ಜಿಬಿ. ದಿನಕ್ಕೊಮ್ಮೆ ಅದನ್ನು ಪೂರ್ತಿ ಬರೆದರೂ ವರ್ಷಕ್ಕೆ 2.3 ಟೆರಾಬೈಟ್ ಆಸುಪಾಸು. ಈಗಿನ ಸಾಧಾರಣ ಎಸ್‌ಎಸ್‌ಡಿಗಳು ನೂರಾರು ಟೆರಾಬೈಟ್ ಬರಹ ತಾಳುವಂಥವು. ಬಿಸಿ ಬ್ಯಾಗಿನಲ್ಲಿ ದಿನಾ ಬೇಯುವುದರಿಂದ ಬ್ಯಾಟರಿಗೆ ಆಗುವ ಹಾನಿಯೇ ಇದಕ್ಕಿಂತ ದೊಡ್ಡದು. ಫೈಲಿಗೆ ಹೋಗುವ ಜಾಗ ಮಾತ್ರ ನಿಜವಾದ ಖರ್ಚು. 128 ಜಿಬಿ ಡಿಸ್ಕ್ ಇರುವವರಿಗೆ ಅದು ಕಚ್ಚುತ್ತದೆ.

ಲಿಡ್ ಮುಚ್ಚಿದರೆ ಮಲಗುತ್ತದೆ, ಸುಮ್ಮನೆ ಬಿಟ್ಟರೆ ಮಲಗುವುದಿಲ್ಲ

ಸ್ಲೀಪ್ ಸಮಯ "ನೆವರ್" ಎಂದು ಇಟ್ಟಿಲ್ಲ ತಾನೇ, ಮೊದಲು ನೋಡಿಕೊಳ್ಳಿ. ಅದು ಸರಿಯಿದ್ದರೆ:

ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್

ಡಿಸ್‌ಪ್ಲೇ, ಸಿಸ್ಟಂ, ಅವೇಮೋಡ್, ಎಕ್ಸಿಕ್ಯೂಷನ್ ಎಂಬ ತಲೆಬರಹಗಳು ಬರುತ್ತವೆ. ಎಲ್ಲದರ ಕೆಳಗೂ "ನನ್" ಎಂದಿದ್ದರೆ ಯಾರೂ ತಡೆಯುತ್ತಿಲ್ಲ. ಯಾವುದಾದರೂ ಹೆಸರಿದ್ದರೆ ಅದೇ ತಡೆ. "ಆ್ಯನ್ ಆಡಿಯೋ ಸ್ಟ್ರೀಮ್ ಈಸ್ ಕರೆಂಟ್ಲಿ ಇನ್ ಯೂಸ್" ಎಂದಿದ್ದರೆ ಎಲ್ಲೋ ಸದ್ದು ನಡೆಯುತ್ತಿದೆ ಅಥವಾ ಯಾವುದೋ ಪ್ರೋಗ್ರಾಂ ಮೈಕ್ ಹಿಡಿದು ಕೂತಿದೆ. ಕ್ರೋಮ್ ಹೆಸರಿನ ಕೆಳಗೆ "ವೆಬ್‌ಆರ್‌ಟಿಸಿ ಹ್ಯಾಸ್ ಆ್ಯಕ್ಟಿವ್ ಪಿಯರ್‌ಕನೆಕ್ಷನ್ಸ್" ಎಂದಿದ್ದರೆ ಮೀಟಿಂಗ್ ಅಥವಾ ಚಾಟ್ ಟ್ಯಾಬೊಂದು ಇನ್ನೂ ತೆರೆದಿದೆ. ಅದನ್ನು ಮುಚ್ಚಿ ಅದೇ ಆದೇಶ ಮತ್ತೊಮ್ಮೆ ಕೊಟ್ಟರೆ ಸಾಲು ಮಾಯವಾಗಿರುವುದು ಕಾಣುತ್ತದೆ. ಎಸ್‌ಆರ್‌ವಿನೆಟ್ ಎಂಬ ಹೆಸರು ಬಂದರೆ ನಿಮ್ಮ ಶೇರ್ಡ್ ಫೋಲ್ಡರನ್ನು ಮನೆಯ ಇನ್ನೊಂದು ಸಾಧನ, ಬಹುಶಃ ಟಿವಿ, ಓದುತ್ತಿದೆ.

ಪಟ್ಟಿ ಖಾಲಿಯಿದ್ದೂ ಮಲಗದಿದ್ದರೆ ಮೌಸ್ ನೋಡಿ. ಗಾಜಿನ ಮೇಜಿನ ಮೇಲೆ ಆಪ್ಟಿಕಲ್ ಮೌಸ್ ಇಟ್ಟರೆ ಕರ್ಸರ್ ತಾನಾಗಿ ಅದುರುತ್ತದೆ, ವಿಂಡೋಸ್ ಅದನ್ನು ನೀವು ಕೆಲಸ ಮಾಡುತ್ತಿದ್ದೀರಿ ಎಂದೇ ತಿಳಿಯುತ್ತದೆ. ಸವೆದ ಗೇಮ್ ಕಂಟ್ರೋಲರ್‌ನದೂ ಇದೇ ಕಥೆ.

ಇದರ ಉಲ್ಟಾ ತೊಂದರೆಯೂ ಉಂಟು: ಕೆಲಸ ಮಾಡುತ್ತಿರುವಾಗಲೇ ಫಕ್ಕನೆ ಮಲಗಿಬಿಡುವುದು. ಲಿಡ್ ಮುಚ್ಚಿದ್ದನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಿಳಿಯುವುದು ಆಯಸ್ಕಾಂತ ಮತ್ತು ಅದು ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್‌ನಿಂದ. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡಿದರೆ, ಆಯಸ್ಕಾಂತದ ಬಕಲ್ ಇರುವ ವಾಚ್ ಕಟ್ಟಿದ ಕೈಯನ್ನು ಕೀಬೋರ್ಡ್ ಪಕ್ಕ ಊರಿದರೆ, ಲಿಡ್ ಮುಚ್ಚಿತು ಎಂದು ಅದು ಮೋಸ ಹೋಗುತ್ತದೆ. ಸರ್ವಿಸ್ ಸೆಂಟರಿಗೆ ಓಡುವ ಮೊದಲು ವಾಚ್ ಬಿಚ್ಚಿ ನೋಡಿ.

ನಡುರಾತ್ರಿ ತಾನಾಗಿ ಏಳುವುದು

ಎದ್ದಿದ್ದನ್ನು ಕಂಡ ಕೂಡಲೇ, ಮತ್ತೆ ಮಲಗಿಸುವ ಮೊದಲು:

ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್

ಎಸ್3 ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಎಬ್ಬಿಸಿದ ಸಾಧನದ ಹೆಸರು ಹೇಳುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಬಹಳ ಸಲ ಬರಿಗೈ. ಆಗ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಸಿಸ್ಟಂಗೆ ಹೋಗಿ. ಕರ್ನೆಲ್-ಪವರ್ ಹೆಸರಿನ 506 ಎಂದರೆ ಮಲಗಿದ್ದು, 507 ಎಂದರೆ ಎದ್ದಿದ್ದು, ಕಾರಣವೂ ಅಲ್ಲೇ ಇರುತ್ತದೆ. ಎಸ್3ಗೆ ಪವರ್-ಟ್ರಬಲ್‌ಶೂಟರ್ ಹೆಸರಿನ ಇವೆಂಟ್ 1 ನೋಡಿ.

ಕಾರಣ ಟೈಮರ್ ಆಗಿದ್ದರೆ:

ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್

ವಿಂಡೋಸ್‌ನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಮೊದಲಿಂದಲೇ ರಾತ್ರಿ 2 ಗಂಟೆಗೆ ಗೊತ್ತುಪಡಿಸಿರುತ್ತದೆ, ಎರಡಕ್ಕೇ ಏಳುವ ಲ್ಯಾಪ್‌ಟಾಪ್‌ಗಳಲ್ಲಿ ಅನುಮಾನ ಇದರ ಮೇಲೇ. ಕಂಟ್ರೋಲ್ ಪ್ಯಾನೆಲ್‌ನ ಸೆಕ್ಯುರಿಟಿ ಅಂಡ್ ಮೇಂಟೆನೆನ್ಸ್‌ನಲ್ಲಿ ಅದಕ್ಕಾಗಿ ಕಂಪ್ಯೂಟರ್ ಎಬ್ಬಿಸುವ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಕೆಳಗೆ "ಅಲೋ ವೇಕ್ ಟೈಮರ್ಸ್" ಕಂಡರೆ ಬ್ಯಾಟರಿಗಾದರೂ ಡಿಸೇಬಲ್ ಮಾಡಿ.

ಕಾರಣ ಸಾಧನವಾಗಿದ್ದರೆ:

ಪವರ್‌ಸಿಎಫ್‌ಜಿ /ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್

ಎಬ್ಬಿಸುವ ಅಧಿಕಾರ ಇರುವವರ ಪಟ್ಟಿ ಇದು. ಕೀಬೋರ್ಡ್ ಇರಲಿ. ಮೌಸ್ ಮತ್ತು ನೆಟ್‌ವರ್ಕ್ ಅಡಾಪ್ಟರ್‌ಗೆ ಆ ಅಧಿಕಾರ ಯಾಕೆ? ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್, "ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್" ಟಿಕ್ ತೆಗೆಯಿರಿ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜತೆ ವೈರ್‌ಲೆಸ್ ಮೌಸನ್ನು ಆನ್ ಮಾಡಿಯೇ ಹಾಕುವವರು, ಡಾಂಗಲ್ ಚುಚ್ಚಿಯೇ ಇದ್ದರೆ, ಬಸ್ ಗುಂಡಿಗೆ ಇಳಿದಾಗಲೆಲ್ಲ ಅದನ್ನು ಎಬ್ಬಿಸುತ್ತಿರುತ್ತಾರೆ.

ಎಬ್ಬಿಸಿದರೂ ಕಪ್ಪು ಪರದೆ

ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ. ಪರದೆ ಮರಳಿದರೆ ತಪ್ಪು ಆ ಡ್ರೈವರ್‌ನದೇ, ತಯಾರಕರ ತಾಣದಿಂದ ಹೊಸದು ಹಾಕಿ. ಜಗ್ಗದಿದ್ದರೆ ಡಾಕ್, ಎಚ್‌ಡಿಎಂಐ ಕೇಬಲ್ ಕಿತ್ತು ನೋಡಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆರಿಸುವುದೊಂದೇ ದಾರಿ, ಸೇವ್ ಮಾಡದ್ದು ಹೋದಂತೆಯೇ.

ಇಂಥ ತೊಂದರೆ ಇರುವಾಗ ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಾಗ ವಿಂಡೋಸ್ ತನ್ನ ತಿರುಳಾದ ಕರ್ನೆಲ್ಲನ್ನೂ ಡ್ರೈವರ್‌ಗಳನ್ನೂ ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಸಿಪಿಯು ಕೆಳಗೆ ಅಪ್ ಟೈಮ್ ನೋಡಿ: ದಿನಾ ಶಟ್‌ಡೌನ್ ಮಾಡುವವರಿಗೂ ಅಲ್ಲಿ ಹತ್ತಾರು ದಿನ ತೋರಿಸುತ್ತದೆ. ರೀಸ್ಟಾರ್ಟ್ ಕೊಡಿ, ಅಥವಾ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ.

ಬಯೋಸ್‌ನ ಒಳಗೆ

ಮುಚ್ಚಿದಾಗಲೂ ಯುಎಸ್‌ಬಿಯಿಂದ ಫೋನ್ ಚಾರ್ಜ್ ಮಾಡುವ ಸೌಲಭ್ಯ ಬಯೋಸ್‌ನಲ್ಲಿ ಆನ್ ಇದ್ದರೆ ಬೇಡದವರು ಆರಿಸಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಸ್ಲೀಪ್ ಸ್ಟೇಟ್ ಎಂಬ ಆಯ್ಕೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಆರಿಸಿದರೆ ಎಸ್3 ಮರಳುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿ ತಿದ್ದಿ ಮಾಡರ್ನ್ ಸ್ಟ್ಯಾಂಡ್‌ಬೈಯನ್ನೇ ಕಿತ್ತುಹಾಕುವ ಉಪಾಯವೂ ಅಲ್ಲಲ್ಲಿ ಸಿಗುತ್ತದೆ. ಬಯೋಸ್‌ನಲ್ಲಿ ಎಸ್3 ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹಾಗೆ ಮಾಡಿದರೆ ಸ್ಲೀಪ್ ಎಂಬುದೇ ಮೆನುವಿನಿಂದ ಹೋಗಿ ಹೈಬರ್ನೇಟ್ ಮಾತ್ರ ಉಳಿಯುತ್ತದೆ. ನಾನಂತೂ ಆ ದಾರಿ ಸೂಚಿಸುವುದಿಲ್ಲ.

ಲಿನಕ್ಸ್, ಮ್ಯಾಕ್

ಲಿನಕ್ಸ್‌ನಲ್ಲಿ /ಸಿಸ್/ಪವರ್/ಮೆಮ್_ಸ್ಲೀಪ್ ಫೈಲನ್ನು ಓದಿ. ಚೌಕ ಆವರಣದೊಳಗೆ ಎಸ್2ಐಡಲ್ ಇದ್ದರೆ ಕೋಳಿನಿದ್ದೆ, ಡೀಪ್ ಇದ್ದರೆ ಎಸ್3. ಎರಡೂ ಪಟ್ಟಿಯಲ್ಲಿದ್ದರೆ ಡೀಪ್ ಅನ್ನು ಆ ಫೈಲಿಗೇ ಬರೆದು ಒಮ್ಮೆ ಮಲಗಿಸಿ ಎಬ್ಬಿಸಿ ನೋಡಿ, ಸರಿಯಾಗಿ ಎದ್ದರೆ ಮಾತ್ರ ಕಾಯಂ ಮಾಡಿಕೊಳ್ಳಿ. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಪಿಎಂಸೆಟ್ -ಜಿ ಅಸರ್ಷನ್ಸ್ ಕೊಟ್ಟರೆ ಯಾರು ಮಲಗಲು ಬಿಡುತ್ತಿಲ್ಲ ಎಂದು ತಿಳಿಯುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನ ಬ್ಯಾಟರಿ, ಆಪ್ಷನ್ಸ್‌ನಲ್ಲಿ "ವೇಕ್ ಫಾರ್ ನೆಟ್‌ವರ್ಕ್ ಆ್ಯಕ್ಸೆಸ್" ಬೇಡದಿದ್ದರೆ ನೆವರ್ ಮಾಡಿ.

ಎಲ್ಲ ಮಾಡಿದರೂ ಬ್ಯಾಟರಿ ಇಳಿಯುತ್ತಿದ್ದರೆ

ವಿಂಡೋಸ್‌ಗೆ ಮರಳಿ, ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್ ಕೊಡಿ. ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಅಂಕಿ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ನಿದ್ದೆಯದೇನೂ ತಪ್ಪಿಲ್ಲ, ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಅಂಕಿ ಚೆನ್ನಾಗಿದ್ದು, ಸ್ಲೀಪ್‌ಸ್ಟಡಿಯಲ್ಲಿ ಎಚ್‌ಡಬ್ಲ್ಯು ಮಾತ್ರ ಮೇಲೇಳದಿದ್ದರೆ, ಎರಡೂ ವರದಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಬರಿಗೈಯಲ್ಲಿ ಹೋದರೆ ಮೊದಲು ಹೇಳುವುದು ವಿಂಡೋಸ್ ಫಾರ್ಮ್ಯಾಟ್ ಮಾಡೋಣ ಎಂದೇ. ವರದಿ ತೋರಿಸಿ, ಆ ಸಾಧನದ ಹೆಸರನ್ನು ಜಾಬ್‌ಶೀಟಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಮುಗಿಯುವ ಮೊದಲೇ ದೂರು ದಾಖಲಾದಂತಾಗುತ್ತದೆ.